ಪ್ರವಾಸ ಕೆಡಿಸುವ ಗ್ರಾನ್ಯಾ

ಅತಿಥಿಗಳ ಪ್ರವಾಸ ಕೆಡಿಸುವುದರಲ್ಲಿ ಗ್ರಾನ್ಯಾ ಹೆಗಾರ್ಟಿಯದು ಎತ್ತಿದ ಕೈ. ಒಂದೇ ವಾರದಲ್ಲಿ ಐರ್ಲೆಂಡಿನ ಕೋಟೆ, ಕಡಲಬಂಡೆ, ಹಾಡು, ಕುಣಿತಗಳನ್ನೆಲ್ಲ ಸವಿದು ಮುಗಿಸುವ ಸಂಕಲ್ಪದಿಂದ ಕಾನೆಮಾರಾದ ಅವಳ ವಸತಿಮನೆಗೆ ಬಂದಿಳಿದವರು ತಿಂಡಿಯ ಮೇಜಿನ ಮೇಲೆ ನಕ್ಷೆ ಹರಡಿದಾಗ, ಅವಳು ಅದರ ಮೇಲೆಯೇ ಚಹಾದ ಕೆಟಲ್ ಕುಕ್ಕಿ, “ನೋಡೋಣ, ನೋಡೋಣ” ಎಂದಳೆಂದರೆ ಅರ್ಧ ದೇಶ ರದ್ದಾಯಿತೆಂದೇ ಅರ್ಥ. ಅವಳ ಮೈಮೇಲೆ ಅಂಚೆಯವನಾಗಿದ್ದ ಗಂಡನ, ಮೊಣಕಾಲು ಮುಟ್ಟುವ ಹಳೆಯ ಕೋಟು. ಅದರ ಜೇಬಿನಲ್ಲಿ ತಬ್ಬಲಿ ಕುರಿಮರಿಗೆ ಹಾಲೂಡುವ ಬಾಟಲಿ. ಗಾಳಿಯಿಲ್ಲದ ದಿನವೂ ಗಾಳಿಗೆ ಹಣೆಯೊಡ್ಡಿದಂಥ ನಡಿಗೆ.

ಹಾಲೆಂಡಿನ ನಿವೃತ್ತ ಎಂಜಿನಿಯರ್ ಗೆರ್ಬೆನ್ ಒಬ್ಬನೇ ಬಂದಿದ್ದ. ಗಾಲ್ವೇ ನಗರದ ಹೋಟೆಲಿನಲ್ಲಿ ನಡೆಯುವ ನೃತ್ಯಪ್ರದರ್ಶನ ನೋಡಲು ಹೊರಟವನನ್ನು ಗ್ರಾನ್ಯಾ ಬಾಗಿಲಲ್ಲೇ ತಡೆದಳು.

“ಇವತ್ತು ಗಾಲ್ವೇ ಬೇಡ. ಪಕ್ಕದ ಮನೆ ಕೋಲ್ಮನ್ ತೀರ್ಕೊಂಡಿದ್ದಾನೆ. ನಡೀರಿ, ಹೋಗ್ಬರೋಣ.”

“ನಾನ್ಯಾಕೆ? ಅವರ ಪರಿಚಯಾನೇ ಇಲ್ವಲ್ಲ!”

“ಮಾಡಿಸ್ತೀನಿ ಬನ್ನಿ. ಬದುಕಿದ್ದಾಗ ಯಾರ ಮಾತೂ ಕೇಳ್ತಿರ್ಲಿಲ್ಲ ಅವ್ನು, ಈಗ ಕೇಳ್ತಾನೆ.”

ನಡುಮನೆಯಲ್ಲಿ ತೆರೆದ ಶವಪೆಟ್ಟಿಗೆ. ಸುತ್ತ ಚಹಾ, ಹ್ಯಾಮ್ ಸ್ಯಾಂಡ್‌ವಿಚ್. ಕೋಲ್ಮನ್ ಒಂದೇ ಕತ್ತೆಯನ್ನು ತನ್ನ ಭಾವಮೈದುನನಿಗೆ ಎರಡು ಸಲ ಮಾರಿದ ಕಥೆಗೆ ಬಿದ್ದು ಬಿದ್ದು ನಗುವ ಜನ. ಗೆರ್ಬೆನ್ ಬೆಚ್ಚಿದ. ಹೋದ ಚಳಿಗಾಲದಲ್ಲಿ ಅವನ ಹೆಂಡತಿಯನ್ನು ಮಣ್ಣು ಮಾಡಿದಾಗ ಎಲ್ಲರೂ ಪಿಸುಮಾತಿನಲ್ಲೇ ಬಂದು ಪಿಸುಮಾತಿನಲ್ಲೇ ಹೋಗಿದ್ದರು. ಆಮೇಲೆ ಅವಳ ಹೆಸರನ್ನು ಅವನೆದುರು ಯಾರೂ ಎತ್ತಿರಲಿಲ್ಲ. ಕೋಲ್ಮನ್ನನ ವಿಧವೆ ಸೋರ್ಚಾ ಅವನ ಕೈ ಹಿಡಿದಾಗ, ಸಾಂತ್ವನ ಹೇಳಬೇಕಾದವನ ಬಾಯಿಂದ ತನ್ನ ದುಃಖವೇ ಹೊರಬಿತ್ತು.

“ಅಯ್ಯೋ, ಕೂತ್ಕೊಳ್ಳಿ. ಹೆಸರೇನು ಅವಳದು? ಹೇಗಿದ್ಲು?” ಎಂದಳು ಸೋರ್ಚಾ.

“ಫೆಂಕೆ. ಹಾಡೋಕೆ ಬರ್ತಿರ್ಲಿಲ್ಲ. ಆದ್ರೂ ಬೆಳಗಿಂದ ಸಂಜೆವರೆಗೂ ಹಾಡೋಳು.”

ಮನೆಯೆಲ್ಲ ಘೊಳ್ಳೆಂದು ನಕ್ಕಿತು. ಅವನೂ ನಕ್ಕ, ನಗುತ್ತಲೇ ಅತ್ತ. ಗ್ರಾನ್ಯಾ ಆ ಕಡೆ ತಿರುಗಿಯೂ ನೋಡದೆ ಲೋಟಗಳಿಗೆ ಚಹಾ ಬಗ್ಗಿಸುತ್ತಿದ್ದಳು. ಮರುದಿನ ಊರ ಗಂಡಸರೊಡನೆ ಗುದ್ದಲಿ ಹಿಡಿದು ಕೋಲ್ಮನ್ನನ ಸಮಾಧಿಗೆ ಗುಂಡಿ ತೋಡಿದ ಗೆರ್ಬೆನ್, ರಜೆ ಮುಗಿಯುವವರೆಗೆ ಆ ಊರು ಬಿಟ್ಟು ಕದಲಲಿಲ್ಲ.

“ಪಾಪ, ಕೋಟೆ ಒಂದನ್ನೂ ನೋಡ್ಲಿಲ್ಲ ಆತ” ಎಂದು ಯಾರೋ ಛೇಡಿಸಿದರೆ ಗ್ರಾನ್ಯಾ, “ಕೋಟೆ ಎಲ್ಲಿಗೆ ಓಡಿಹೋಗುತ್ತೆ ಬಿಡು” ಎಂದಳಂತೆ.

ದೂರದವರನ್ನು ತಮ್ಮ ನೆಲದ ಚೆಲುವಿಗೆ, ಹಬ್ಬಕ್ಕೆ ಕರೆಯುವವರು ಎಲ್ಲೆಡೆಯೂ ಸಿಗುತ್ತಾರೆ. ತಮ್ಮ ಸಾವಿನ ಮನೆಗೂ ನಿಸ್ಸಂಕೋಚವಾಗಿ ಕರೆದೊಯ್ಯಬೇಕಾದರೆ, ಬಂದವನೂ ನಮ್ಮವನೇ ಎಂಬ ನಂಬಿಕೆ ಎದೆಯಲ್ಲಿ ಬೇರೂರಿರಬೇಕು. ಅಂಥ ಒಬ್ಬರಿದ್ದರೂ ಸಾಕು, ಆ ಊರು ಯಾರಿಗೂ ಪರದೇಶವಾಗಲಾರದು.