ಏಳು ಆಂಪಿಯರ್

ಭಿವಂಡಿಯ ಮಗ್ಗಗಳಿಂದ ಹದಿನೇಳನೆಯ ಸುಟ್ಟ ಮೋಟಾರು ಬೋರ್ಡು ರಬಾಳೆಯ ಕಾರ್ಖಾನೆಗೆ ವಾಪಸು ಬಂದ ದಿನ, ಮುಖ್ಯ ಎಂಜಿನಿಯರ್ ಸಂಕರ್ಷಣ ವರದಿಯನ್ನು ತಾವೇ ಬರೆದು ತಂದರು. ಕಾರಣ: ಗ್ರಾಹಕರ ವೈರಿಂಗ್ ದೋಷ. ಪರೀಕ್ಷಾ ವಿಭಾಗದ ಸೌಭಾಗ್ಯಳ ಸಹಿಯೊಂದು ಬಾಕಿ.

"ಒಂದು ಸೈನ್ ಹಾಕಿ ಮಾರಾಯ್ರೆ, ಫೈಲ್ ಕ್ಲೋಸ್ ಮಾಡುವ."

"ಹದಿನೇಳರಾಗೂ ಅದೇ ಬೂಟ್‌ಸ್ಟ್ರ್ಯಾಪ್ ಡಯೋಡ್ ಸುಟ್ಟೈತ್ರಿ ಸರ್. ಎಲ್ಲಾರ ವೈರಿಂಗೂ ಒಂದೇ ನಮೂನಿ ಕೆಡ್ತದೇನ್ರಿ?"

ಅದು ಅಕ್ಕಿಕಾಳಿನಷ್ಟು ಭಾಗ. ಅದರ ಮೂಲಕವೇ ಪಕ್ಕದ ಕೆಪಾಸಿಟರ್ ತುಂಬಿಕೊಂಡು, ಮೋಟಾರು ನಡೆಸುವ ಮೇಲಿನ ಸ್ವಿಚ್ಚಿಗೆ ಬಲ ಕೊಡಬೇಕು.

"ಲೆಕ್ಕ ನಾನೇ ಮಾಡಿದ್ದು. ಅದರಲ್ಲಿ ಎರಡು ಮಿಲಿಆಂಪಿಯರ್ ಕೂಡ ಹರಿಯುವುದಿಲ್ಲ."

"ಅದು ಸರಾಸರಿ ಆತ್ರಿ. ಖಾಲಿ ಕೆಪಾಸಿಟರ್ ತುಂಬೋ ಹೊತ್ತಿನಾಗ? ಹದಿನೈದು ವೋಲ್ಟು, ಡಯೋಡಿಗೆ ಒಂದು ಹೋದ್ರ ಹದಿನಾಲ್ಕು. ತಡಿಯಾಕ ಎದುರಿಗೆ ಎರಡೇ ಓಮ್ ರೆಸಿಸ್ಟರ್. ಏಳು ಆಂಪಿಯರ್ ನುಗ್ತದ. ಡಯೋಡ್ ತಡಿಯೂದು ಮೂರು."

"ಅದು ಒಂದು ಕ್ಷಣ ಮಾತ್ರ. ಬಿಡಿ."

ಸೌಭಾಗ್ಯ ಬಿಡಲಿಲ್ಲ. ಮರುದಿನವೇ ವಿದ್ಯುತ್ತಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪು ಹೊತ್ತು ಭಿವಂಡಿಗೆ ಹೋದಳು. ಎಂಟು ಮಗ್ಗಗಳ ನೇಕಾರ ಸೈದಪ್ಪನಲ್ಲಿ ಮೂರು ಬೋರ್ಡು ಸುಟ್ಟಿದ್ದವು. ಮೂರು ಸಲವೂ ಕಂಪನಿಯವರು ಅವನನ್ನೇ ಬೈದಿದ್ದರು.

"ದಿನಕ್ಕ ಎಷ್ಟು ಸಲ ಮಗ್ಗ ನಿಲ್ಲಸ್ತೀರಿ ಕಾಕಾ?"

"ದಾರ ಹರದಂಗೆಲ್ಲ ನಿಲ್ಲಸಬೇಕವ್ವ. ನೂರು ಸಲ ಅಂದ್ರೂ ಕಡಿಮಿನ."

ನಿಂತಾಗಲೆಲ್ಲ ಕೆಪಾಸಿಟರ್ ಖಾಲಿ. ಹೊರಟಾಗಲೆಲ್ಲ ಡಯೋಡಿನ ಮೇಲೆ ಅದೇ ಹೊಡೆತ. ಸೈದಪ್ಪ ಗುಂಡಿ ಒತ್ತಿದ. ಪರದೆಯ ಗೆರೆ ನೆಟ್ಟಗೆ ಏಳಕ್ಕೆ ಜಿಗಿದು ಇಳಿಯಿತು. ಸೌಭಾಗ್ಯ ಆ ಚಿತ್ರವನ್ನು ಉಳಿಸಿಕೊಂಡಳು. ಇನ್ನೂ ಹತ್ತು ಸಲ ಒತ್ತಿಸಿದಳು. ಹತ್ತು ಸಲವೂ ಏಳು.

ಕಾರ್ಖಾನೆಯಲ್ಲಿ ಆ ಚಿತ್ರ ನೋಡಿ ಸಂಕರ್ಷಣರ ದನಿ ತಗ್ಗಿತು. "ಇದನ್ನು ಬರೆದರೆ ತಪ್ಪು ನನ್ನ ಡಿಸೈನಿನದ್ದು ಅಂತ ಆಗ್ತದೆ. ನಿಮ್ಮ ಪ್ರಮೋಷನ್ ನನ್ನ ಕೈಯಲ್ಲಿ ಉಂಟು."

"ಇರವಲ್ದ್ಯಾಕ್ರಿ. ನೇಯೋರ ತಲಿಗೆ ಸುಳ್ಳು ಕಟ್ಟೂದು ನನ್ನಿಂದ ಆಗಂಗಿಲ್ಲ."

ಅವರೆದುರೇ ಅವರ ಸಾಲನ್ನು ಹೊಡೆದುಹಾಕಿ, "ವಿನ್ಯಾಸದ ದೋಷ, ಎರಡು ಓಮ್ ಬದಲು ಹತ್ತು ಹಾಕಬೇಕು" ಎಂದು ಬರೆದು ಸಹಿ ಮಾಡಿದಳು. ಒಂದು ಪ್ರತಿ ನಿರ್ದೇಶಕರಿಗೆ, ಇನ್ನೊಂದು ಸೈದಪ್ಪನಿಗೆ ಕಳಿಸಿದಳು.

ತಿಂಗಳೊಳಗೆ ಭಿವಂಡಿಯ ಬೋರ್ಡುಗಳೆಲ್ಲ ಬದಲಾದವು. ಆಮೇಲೆ ಒಂದೂ ಸುಟ್ಟು ಬರಲಿಲ್ಲ. ಪ್ರಮೋಷನ್ನೂ ಬರಲಿಲ್ಲ, ಬಂದದ್ದು ಕಲ್ಯಾಣದ ರಿಪೇರಿ ವಿಭಾಗಕ್ಕೆ ವರ್ಗಾವಣೆ. ಕಾಗದ ಕೊಟ್ಟ ಸಂಕರ್ಷಣ ಅವಳ ಮುಖವನ್ನೇ ನೋಡುತ್ತಿದ್ದರು.

"ಭಾಳ ಚಲೋ ಆತ್ರಿ ಸರ್," ಅಂದಳು ಸೌಭಾಗ್ಯ. "ನನ್ನ ಮನಿ ಡೊಂಬಿವಲಿ. ಕಲ್ಯಾಣ ಎರಡೇ ಸ್ಟೇಷನ್."