ಮೇಜಿನೆತ್ತರದ ಆನೆ

ವಸ್ತುಸಂಗ್ರಹಾಲಯದಲ್ಲಿ ಪ್ರಾಣಿಗಳ ಮಾದರಿ ಮಾಡುವವಳನ್ನು ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ವಯಸ್ಸು ಅರವತ್ತರ ಹತ್ತಿರ, ಎತ್ತರ ಮಾತ್ರ ಗಂಡನ ಎದೆಯನ್ನೂ ಮುಟ್ಟದು. ಅಂಗಡಿಯಲ್ಲಿ ಯಾರಾದರೂ ಹಿಂದಿನಿಂದ "ಏನು ಬೇಕು ಮರಿ?" ಅಂದರೆ ಸಾಕು, ಪಿತ್ತ ನೆತ್ತಿಗೇರುತ್ತಿತ್ತು.

ದ್ವೀಪದ ಗುಹೆಯೊಂದರಿಂದ ಮೇಜಿನೆತ್ತರದ ಆನೆಯ ಮೂಳೆಗಳು ಬಂದಾಗ ಅವಳ ಕರುಳು ಚುರ್ ಎಂದಿತು. "ಅಯ್ಯೋ, ತಾಯಿಯಿಲ್ಲದ ಕಂದ!" ಎಂದವಳೇ ಮೂಳೆಯಳತೆಗೆ ಮರಿಯನ್ನು ಮಾಡಿ, ಪಕ್ಕಕ್ಕೊಂದು ಭಾರೀ ತಾಯಾನೆ ಮಾಡಲು ಕೂತಳು. ಮರಿಯ ಬೆನ್ನು ಸವರುವಂತೆ ಸೊಂಡಿಲು ಬಗ್ಗಿಸಲಿಕ್ಕೇ ಒಂದು ಚಳಿಗಾಲ ಹಿಡಿಯಿತು. ಅಷ್ಟು ಚೆಂದದ ಕೆಲಸ ಅವಳ ಕೈಯಿಂದ ಹಿಂದೆಂದೂ ಆಗಿರಲಿಲ್ಲ.

ನಾಳೆ ಪ್ರದರ್ಶನ ಎನ್ನುವಾಗ, ಅಲ್ಲೇ ಮೂಳೆ ಬಿಡಿಸುವ ಕೆಲಸದಲ್ಲಿದ್ದ ಅವಳ ಗಂಡ ಕಲ್ಲಿನೊಳಗೆ ಸಿಕ್ಕಿಕೊಂಡಿದ್ದ ದವಡೆಯನ್ನು ಬಿಡಿಸಿ ತಂದ. ಮುಖ ಸಪ್ಪಗಿತ್ತು.

"ಬೈಬೇಡ ಕಣೇ. ಈ ಕೊನೇ ಹಲ್ಲು ನೋಡು."

ಹಲ್ಲು ಸವೆದು ನುಣ್ಣಗಾಗಿತ್ತು. ವರ್ಷಗಟ್ಟಲೆ ಮೇದ ಮುದಿ ಆನೆಗಷ್ಟೇ ಹಾಗಾಗುವುದು.

"ಇದು ಮರಿ ಅಲ್ಲ, ಅಜ್ಜಿಯಾನೆ. ದ್ವೀಪದಲ್ಲಿ ಮೇವು ಕಮ್ಮಿ, ಹೆದರಿಸೋ ಹುಲಿ ಸಿಂಹನೂ ಇಲ್ಲ. ಅಲ್ಲಿನ ಆನೆಗಳು ತಲೆಮಾರಿಂದ ತಲೆಮಾರಿಗೆ ಕುಗ್ಗಿ ಇಷ್ಟೇ ಆಗ್ಬಿಟ್ಟಿವೆ. ಇದರ ಅಮ್ಮನೂ ಇಷ್ಟೇ ಇದ್ದಿರಬೇಕು."

"ಹಾಗಾದ್ರೆ ನನ್ನ ಈ ತಾಯಾನೆ?"

ಅವನು ತಲೆ ಕೆರೆದುಕೊಂಡ. "ಇರಲಿ ಬಿಡೇ. ಬಾಯೊಳಗಿನ ಹಲ್ಲನ್ನ ಯಾರು ಬಗ್ಗಿ ನೋಡ್ತಾರೆ?"

ಪಾಪ, ಹೆಂಡತಿಯ ಮೇಲಿನ ಪ್ರೀತಿಗೆ ಸುಳ್ಳು ಹೇಳಲೂ ಸಿದ್ಧನಾಗಿದ್ದ. ಗುಬ್ಬಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು. ಅಳುತ್ತಲೇ ಆ ಹಲ್ಲಿನ ಮೇಲೆ ಬೆರಳಾಡಿಸಿದಳು.

"ಜನ್ಮವಿಡೀ ಮರಿ ಅಂದೋರ ಜೊತೆ ಜಗಳ ಆಡಿದೆ. ಈಗ ನಾನೇ ಹಿರಿಯಳೊಬ್ಬಳಿಗೆ ಮರಿ ಅಂದ್ನಲ್ರೀ! ಏಳಿ, ಕೈ ಹಾಕಿ."

ಇಬ್ಬರೂ ಸೇರಿ ತಾಯಾನೆಯನ್ನು ಉಗ್ರಾಣಕ್ಕೆ ತಳ್ಳಿದರು. ಸೊಂಡಿಲು ಬಾಗಿಲಿಗೆ ಸಿಕ್ಕಿಕೊಂಡಿತು. ಗುಬ್ಬಿ ಅದನ್ನು ಮೆಲ್ಲಗೆ ಬಿಡಿಸಿ, ಒಮ್ಮೆ ಸವರಿ, ಬಾಗಿಲು ಹಾಕಿದಳು.

ಮರುದಿನ ಪುಟ್ಟ ಹುಡುಗಿಯೊಬ್ಬಳು ಓಡಿ ಬಂದಳು. "ಹೈ, ಮರಿಯಾನೆ!"

"ಮರಿ ಅಲ್ಲ ಪುಟ್ಟಿ, ಅಜ್ಜಿ," ಎಂದಳು ಗುಬ್ಬಿ. "ಎತ್ತರ ನೋಡಿ ವಯಸ್ಸು ಹೇಳೋಕಾಗಲ್ಲ."

ಹುಡುಗಿ ಆನೆಯನ್ನು ನೋಡಿದಳು, ಗುಬ್ಬಿಯನ್ನು ನೋಡಿದಳು. "ಹಾಗಾದ್ರೆ ನೀವೂ ಅಜ್ಜಿನಾ?"

ಗಂಡ ಇನ್ನೇನು ಕಾದಿದೆಯೋ ಎಂದು ಒಂದು ಹೆಜ್ಜೆ ಹಿಂದೆ ಸರಿದ. ಗುಬ್ಬಿಯ ಮುಖ ಊರಗಲವಾಯಿತು.

"ಹೂಂ ನನ್ನ ಬಂಗಾರ," ಎಂದಳು. "ಕೊನೆಗೂ ಒಬ್ಬರಿಗೆ ಗೊತ್ತಾಯ್ತಲ್ಲ!"