ಶ್ರಾವಣದಲ್ಲಿ ಕೂಡಿದ ಗಾಯ

ಗಾಯ ಮಾಯ್ದರೆ ನಾನು ಬಸವಕಲ್ಯಾಣಕ್ಕೆ ಹೋಗಬಹುದು. ಅತ್ತೆ ಜಿಜಾಬಾಯಿ ಕೊಟ್ಟ ಮಾತು ಅದು. ಅಲ್ಲಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತ್ತು. ಗಣೇಶ ಚೌತಿಯ ಮರುದಿನ ಸೇರಬೇಕು, ಇಲ್ಲವಾದರೆ ಬೇರೆಯವರಿಗೆ ಹೋಗುತ್ತದೆ.

ಗಾಯ ನನ್ನದಲ್ಲ, ಮೈದುನ ಶ್ರೀಮಂತನದು. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ದಿನವಿಡೀ ಬಾಡಿಗೆಯ ಕ್ರೂಸರ್ ಜೀಪು ಓಡಿಸುವವನು. ಬೆನ್ನು ಮುಗಿದು ಕುಂಡಿಯ ಸೀಳು ಶುರುವಾಗುವಲ್ಲಿ ಅವನಿಗೆ ಬಾವು ಎದ್ದಿತ್ತು. ಮೂಲವ್ಯಾಧಿ ಎಂದುಕೊಂಡು, ನಾಚಿಕೆಗೆ ಯಾರಿಗೂ ತೋರಿಸದೆ ಒಂದೇ ಮಗ್ಗುಲಲ್ಲಿ ಕುಳಿತು ಗಾಡಿ ಓಡಿಸಿದ. ಸೀಟಿಗೆ ಕೀವು ಹತ್ತಿದ ದಿನ ಅವನ ಜೊತೆ ಗಾಡಿ ಓಡಿಸುವ ಯುನೂಸ್ ಆಸ್ಪತ್ರೆಗೆ ಎಳೆದೊಯ್ದ.

"ಕುಂತು ಕುಂತು ಕೂದಲು ಚರ್ಮದಾಗ ಹೊಕ್ಕಾವ. ಒಳಗ ಸುರಂಗ ಮಾಡ್ಯಾವ," ಎಂದರು ಡಾಕ್ಟರು. ಅಷ್ಟನ್ನೂ ಕೊರೆದು ತೆಗೆದು, ಹೊಲಿಗೆ ಹಾಕದೆ ಬಿಟ್ಟರು. ತಳದಿಂದ ಮಾಂಸ ತುಂಬಿ ಬರಬೇಕು. ದಿನಾ ತೊಳೆದು ಪಟ್ಟಿ ತುಂಬಬೇಕು. ವಾರಕ್ಕೊಮ್ಮೆ ಸುತ್ತಲಿನ ಕೂದಲು ಬೋಳಿಸಬೇಕು.

ಅತ್ತೆಗೆ ಕಣ್ಣು ಮಂಜು. ಓದಿದವಳೆಂದು ಪಟ್ಟಿಯ ಕೆಲಸ ನನ್ನ ಪಾಲಿಗೆ ಬಂತು. ಗಂಡ ಸತ್ತ ಸೊಸೆ, ಮದುವೆಯಾಗದ ಮೈದುನ. ಓಣಿಯವರ ಬಾಯಿಗೆ ಹೆದರಿ ಅತ್ತೆ ಜಪಮಾಲೆ ಹಿಡಿದು ಅದೇ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಶ್ರೀಮಂತ ದಿಂಬಿನಲ್ಲಿ ಮುಖ ಹುದುಗಿಸುತ್ತಿದ್ದ. ನಾನು ಗಾಯವನ್ನಷ್ಟೇ ನೋಡುತ್ತಿದ್ದೆ. ಕೆಂಪಗೆ, ಶುಭ್ರವಾಗಿ, ದಿನದಿನಕ್ಕೆ ಕಿರಿದಾಗುತ್ತಿತ್ತು. ಆ ಮನೆಯಲ್ಲಿ ಸುಧಾರಿಸುತ್ತಿದ್ದದ್ದು ಅದೊಂದೇ.

ಬೋಳಿಸುವುದು ಯುನೂಸನ ಕೆಲಸ. ಗೆಳೆಯನ ಅತ್ತಿಗೆಯೆಂದು ಅವನೂ ನನ್ನನ್ನು ವೈನಿ ಎನ್ನುತ್ತಿದ್ದ.

"ನನ್ನ ನಸೀಬ ನೋಡ್ರಿ ವೈನಿ. ದೋಸ್ತನ ದಾಡಿ ಮಾಡಬೇಕಂದ್ರ ಮಾರಿ ಯಾವ ಕಡಿ ಅಂತ ಕೇಳಬೇಕಾಗೇದ."

"ಸುಮ್ಮ ಮಾಡಲೇ. ನಕ್ಕರ ನೋಯ್ತದ," ಎನ್ನುತ್ತಿದ್ದ ಶ್ರೀಮಂತ.

ಅತ್ತೆಯ ಬೆನ್ನೂ ನಗುವಿಗೆ ಅಲುಗುತ್ತಿತ್ತು.

ಶ್ರಾವಣ ಹತ್ತಿತು. ಆ ವಾರ ಯುನೂಸ್ ಬಂದಾಗ ಅತ್ತೆ ಹೊಸ್ತಿಲಲ್ಲೇ ಕೈ ಅಡ್ಡ ಹಿಡಿದರು.

"ಶ್ರಾವಣ ಮುಗಿಯೋತನಕ ಈ ಮನಿ ಗಂಡಸರಿಗಿ ಬ್ಲೇಡ ಮುಟ್ಟಿಸಂಗಿಲ್ಲ."

"ಮೌಶಿ, ಇದು ದಾಡಿ ಅಲ್ರಿ. ಡಾಕ್ಟರ್ ಹೇಳ್ಯಾರ."

"ಕೂದಲ ಎಲ್ಲಿದ್ರೂ ಕೂದಲಾನೇ."

ಕೂದಲು ತೆಗೆಯುವ ಕ್ರೀಮು ತಂದೆ. ಇದಕ್ಕೆ ಬ್ಲೇಡು ಬೇಕಿಲ್ಲ ಎಂದೆ.

"ಹಚ್ಚಿದ್ರ ಕೂದಲ ಹೋಗ್ತಾವೋ ಇಲ್ಲೋ?"

"ಹೋಗ್ತಾವರಿ."

"ಹಂಗಾದ್ರ ಅದೂ ಅದೇ." ಆಮೇಲೆ ಗೋಡೆಗೆ ಹೇಳುವಂತೆ ಹೇಳಿದರು, "ಹೋದ ಶ್ರಾವಣದಾಗ ಅನೀಲಗ ದಾಡಿ ತಗಿ ಅಂದಾಕಿ ನೀನೇ."

ಹೋದ ಶ್ರಾವಣದಲ್ಲಿ ಕಲಬುರಗಿಯಲ್ಲಿ ನನಗೊಂದು ಸಂದರ್ಶನವಿತ್ತು. ಜೊತೆಗೆ ಬರುವವನು ಗಡ್ಡ ತೆಗೆದು ಬರಲಿ ಎಂದಿದ್ದೆ. ನನ್ನ ಗಂಡ ಅನೀಲಕುಮಾರ ಶೀಟಿ ಹಾಕುತ್ತ ಬೋಳಿಸಿಕೊಂಡ. ಇಬ್ಬರೂ ಹೋಗಿ ಬಂದೆವು. ಆ ಸಂಜೆ ಹಾಲು ತರಲು ಹೋದವನ ಬೈಕಿಗೆ ಟ್ಯಾಂಕರ್ ಬಡಿಯಿತು.

"ಅಣ್ಣ ಸತ್ತಾಗ ಶ್ರೀಮಂತ ತಲಿ ಬೋಳಿಸಿಕೊಂಡದ್ದೂ ಅದೇ ಶ್ರಾವಣದಾಗರಿ," ಎಂದೆ. "ಸತ್ತವರಿಗಿ ನಡೀತದ, ಬದುಕಿದವರಿಗಿ ನಡಿಯಂಗಿಲ್ಲೇನು?"

ಅತ್ತೆ ಮಣಿ ಉರುಳಿಸುತ್ತಲೇ ಇದ್ದರು.

ಒಂದು ದಿನ ಅವರು ಸ್ನಾನಕ್ಕೆ ಹೋದಾಗ ನಾನೇ ಬ್ಲೇಡು ತೆಗೆದೆ. ಶ್ರೀಮಂತ ಪೈಜಾಮ ಮೇಲೆಳೆದುಕೊಂಡ.

"ಬ್ಯಾಡ್ರಿ ವೈನಿ. ಅಣ್ಣಗ ಆಗಿದ್ದು ನೋಡೀನಿ. ಅವ್ವಗ ಈಗ ನಾ ಒಬ್ಬಾಂವೇ ಉಳದೀನಿ."

ಕಂಡಷ್ಟು ಕೂದಲನ್ನು ಚಿಮಟದಿಂದ ಹೆಕ್ಕಿದೆ. ಶ್ರಾವಣ ಮುಗಿಯುವ ಹೊತ್ತಿಗೆ ಮೇಲೆ ತೊಗಲು ಕೂಡಿತು. "ಮಾಯ್ತು ನೋಡು. ದೇವರ ಮಾತು ಕೇಳಿದ್ರ ಹಿಂಗ," ಎಂದರು ಅತ್ತೆ. ನಾನು ಟ್ರಂಕಿನಲ್ಲಿ ಸೀರೆ ಇಟ್ಟೆ.

ಅಮಾವಾಸ್ಯೆ ಕಳೆದು ಆಸ್ಪತ್ರೆಗೆ ತೋರಿಸಲು ಹೋದೆವು. ಡಾಕ್ಟರು ತೊಗಲನ್ನು ಒತ್ತಿದರು. ಕೀವು ಚಿಮ್ಮಿತು. ಚಿಮಟ ಇಳಿಸಿ ಎಳೆದಾಗ ಒದ್ದೆ ಕೂದಲಿನ ಒಂದು ಕುಚ್ಚು ಹೊರಬಂತು. ತಳ ತುಂಬುವ ಮೊದಲೇ ಬಾಯಿ ಮುಚ್ಚಿತ್ತು.

"ಬೋಳಿಸೀರಿಲ್ಲೋ? ಪಟ್ಟಿ ಯಾರು ಮಾಡ್ತಿದ್ರಿ?"

"ಇಕೀನೇ ರೀ," ಎಂದರು ಅತ್ತೆ. "ಎಮ್ಮೆಸ್ಸಿ ಓದ್ಯಾಳ."

ಡಾಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಶ್ರೀಮಂತ ಗೋಡೆ ನೋಡುತ್ತಿದ್ದ.

ಮತ್ತೆ ಆಪರೇಷನ್. ಈ ಸಲದ ಗಾಯ ಇನ್ನೂ ಅಗಲ, ಇನ್ನೂ ಆಳ. ಚೌತಿ ಆಸ್ಪತ್ರೆಯಲ್ಲೇ ಕಳೆಯಿತು. ಮರುದಿನ ವಾರ್ಡಿನ ಹೊರಗೆ ನಿಂತು ಪ್ರಿನ್ಸಿಪಾಲರಿಗೆ ಫೋನ್ ಮಾಡಿದೆ. ಸ್ವಲ್ಪ ದಿನ ಕಾಯಬಹುದೇ ಎಂದು ಕೇಳಿದೆ.

"ಕ್ಲಾಸ್ ಖಾಲಿ ಇಡಾಕ ಬರಂಗಿಲ್ರಿ ಮೇಡಂ," ಎಂದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

ಶ್ರೀಮಂತನನ್ನು ಮನೆಗೆ ಕರೆತಂದ ಮೇಲೆ ಅತ್ತೆ ಕಪಾಟಿನಿಂದ ಒಂದು ಸಣ್ಣ ಡಬ್ಬಿ ತಂದು ನನ್ನ ಮುಂದಿಟ್ಟರು. ಅನೀಲನ ದಾಡಿ ಸಾಮಾನು.

"ಶ್ರಾವಣ ಮುಗೀತಲ್ಲ. ಇನ್ನ ಮುಂದ ನೀನೇ ಮಾಡು. ಯುನೂಸ ಎರಡೂ ಪಾಳಿ ಗಾಡಿ ಓಡಸ್ತಾನ, ಅವಗ ಪುರಸತ್ತಿಲ್ಲ."

ರೇಜರ್ ಎತ್ತಿದೆ. ಬ್ಲೇಡಿನ ಸಂದಿಯಲ್ಲಿ ಸೋಪಿನ ಬಿಳಿ ಕಲೆ. ಅದರಲ್ಲಿ ಅನೀಲನ ಮೋಟು ಕೂದಲು ಒಣಗಿ ಅಂಟಿದ್ದವು. ತೊಳೆಯದೆ ಇಟ್ಟಿದ್ದ. ಯಾವಾಗಲೂ ಹಾಗೇ ಇಡುತ್ತಿದ್ದ.

"ಇದು ಗಾಯಕ್ಕ ಆಗಂಗಿಲ್ಲರಿ. ಹೊಸಾದು ಬೇಕು."

"ತರಸಾಮು. ಗಡಬಡಿ ಏನದ?" ಅತ್ತೆ ಜಪಮಾಲೆ ತೆಗೆದುಕೊಂಡು ಗೋಡೆಯ ಕಡೆ ತಿರುಗಿ ಕುಳಿತರು. "ನೀ ಈಗ ಎಲ್ಲೂ ಹೋಗಾಕಿ ಅಲ್ಲಲ್ಲ."